ವಿಂಟೇಜ್ ಕಾರುಗಳ ಸವಾರಿ: ಲಾಂಛನಕ್ಕಿಂತ ಮೊದಲು ನೋಡಬೇಕಾದದ್ದು

ಸವಾರಿಗೆ ಹೋಗಿ ಅಪರೂಪದ ಕಾರುಗಳನ್ನು ನೆಮ್ಮದಿಯಾಗಿ ನೋಡಬೇಕೆಂದರೆ ಮೊದಲು ನಮ್ಮ ಗಾಡಿ ದಾರಿಯಲ್ಲಿ ಕೈಕೊಡಬಾರದು. ನಾನು ಓಡಿಸುವುದು ಇಪ್ಪತ್ತರ ದಶಕದ ಆಸ್ಟಿನ್ ಸೆವೆನ್, 747 ಸಿಸಿಯ ಪುಟ್ಟ ಎಂಜಿನ್. ಹಿಂದಿನ ದಿನವೇ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಸ್ಪ್ರಿಂಗ್ ಶ್ಯಾಕಲ್‌ಗಳಿಗೆ (ಸ್ಪ್ರಿಂಗ್ ತುದಿಯ ಕೊಂಡಿಗಳು) ಹೊಸ ಗ್ರೀಸ್ ತುಂಬಿ, ಚಕ್ರದ ನಟ್‌ಗಳನ್ನು ಒಂದೊಂದಾಗಿ ಬಿಗಿ ನೋಡುತ್ತೇನೆ. ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋದ ಪಾಯಿಂಟ್‌ಗಳ (ತೆರೆದು ಮುಚ್ಚುವ ಸಂಪರ್ಕಗಳ) ಅಂತರ 0.3 ಮಿ.ಮೀ. ಇರಬೇಕು. ಟೈರಿನ ಪಕ್ಕದಲ್ಲಿ 2319 ಎಂದು ಅಚ್ಚಾಗಿದ್ದರೆ ಅದು 2019ರ 23ನೇ ವಾರದ್ದು. ವರ್ಷಕ್ಕೆ ನಾಲ್ಕು ಸಲ ಹೊರಬೀಳುವ ಗಾಡಿಯಲ್ಲಿ ಟೈರು ಸವೆಯುವುದಕ್ಕಿಂತ ಮೊದಲೇ ರಬ್ಬರು ಒಣಗಿ ಬಿರಿಯುತ್ತದೆ. ಹತ್ತು ವರ್ಷ ದಾಟಿದ್ದನ್ನು, ಗೆರೆ ಎಷ್ಟೇ ಆಳವಾಗಿರಲಿ, ನಾನು ಬಳಸುವುದಿಲ್ಲ.

ನೀರಿನ ವಿಷಯ ಸ್ವಲ್ಪ ಸೂಕ್ಷ್ಮ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಇಲ್ಲ, ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರ್‌ಗೆ ಬರುತ್ತದೆ, ತಣಿದದ್ದು ಕೆಳಗಿಳಿದು ಎಂಜಿನ್‌ಗೆ ಮರಳುತ್ತದೆ. ಮೇಲಿನ ಹೋಸ್ ಬಂದು ಸೇರುವ ಬಾಯಿ ನೀರಿನಲ್ಲಿ ಮುಳುಗಿರಲೇಬೇಕು. ಮಟ್ಟ ಅದಕ್ಕಿಂತ ಕೆಳಗಿಳಿದರೆ ನೀರಿನ ಓಟ ನಿಂತು ಎಂಜಿನ್ ಕುದಿಯುತ್ತದೆ. ಹಾಗೆಂದು ಕಂಠಮಟ್ಟ ತುಂಬಿಸಿದರೆ ಕಾದು ಹಿಗ್ಗಿದ ನೀರು ಓವರ್‌ಫ್ಲೋ ಪೈಪಿನಿಂದ ಚೆಲ್ಲುತ್ತದೆ. ಬಾಯಿ ಮುಳುಗಿಸಿ, ಮೇಲೆ ಒಂದಿಷ್ಟು ಜಾಗ ಬಿಟ್ಟರೆ ಸಾಕು. ಜೊತೆಗೆ ಐದು ಲೀಟರ್ ನೀರು, ಒಂದು ಲೀಟರ್ ಆಯಿಲ್, ಪ್ಲಗ್, ಹೋಸ್ ಕ್ಲಿಪ್, ಎಳೆಯುವ ಹಗ್ಗ, ಬೆಂಕಿ ಆರಿಸುವ ಸಿಲಿಂಡರ್ ಇರುತ್ತವೆ.

ಎಂಜಿನ್ ಸ್ಟಾರ್ಟ್ ಮಾಡಲು ಹ್ಯಾಂಡಲ್ ಹಾಕುವ ಮೊದಲು ಇಗ್ನಿಷನ್ ಅನ್ನು ಪೂರ್ತಿ ಹಿಂದಕ್ಕೆ ಮಾಡಿ, ಅಂದರೆ ಕಿಡಿ ತಡವಾಗಿ ಹಾರುವಂತೆ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲ್ಲನ್ನು ಸುತ್ತಿ ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಒತ್ತಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಹೆಬ್ಬೆರಳು ಅಥವಾ ಮಣಿಕಟ್ಟು. ಹಳೆಯ ಸೆವೆನ್‌ಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ, ಕೈ ಬ್ರೇಕು ಮುಂದಿನವಕ್ಕೆ. ಎರಡನ್ನೂ ಒಟ್ಟಿಗೆ ಬಳಸಿದರೂ ಗಾಡಿ ನಿಲ್ಲಲು ಬಹಳ ದೂರ ಬೇಕು, ಹಾಗಾಗಿ ಮುಂದಿನ ಕಾರಿನಿಂದ ಧಾರಾಳವಾಗಿ ಅಂತರ ಬಿಡುತ್ತೇನೆ. ಗೇರ್ ಇಳಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಣ್ಣ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಗೇರ್. ಎಂಜಿನ್‌ನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ಆಧಾರವಾಗಿ ಎರಡೇ ಬೇರಿಂಗ್, ಜೋರಾಗಿ ತಿರುಗಿಸಿದರೆ ಬಳುಕಿ ಕೊನೆಗೆ ಮುರಿಯುತ್ತದೆ. ಗಂಟೆಗೆ 55 ಕಿ.ಮೀ. ಹಿತವಾದ ವೇಗ.

ದಾರಿಯಲ್ಲಿ ಅರ್ಧ ಗಾಡಿಗಳು ನಿಲ್ಲುವುದು ಬಿಸಿಯಾದ ಮೇಲೆಯೇ, ತಣಿದರೆ ಮತ್ತೆ ಓಡುತ್ತವೆ. ಇದಕ್ಕೆ ಎರಡು ಕಾರಣಗಳಿರಬಹುದು: ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿರುವುದು, ಇಲ್ಲವೇ ಪಾಯಿಂಟ್‌ಗಳಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸೋತಿರುವುದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ತೆರೆದು ನೋಡಿ. ಖಾಲಿಯಿದ್ದರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಬಾನೆಟ್ ತೆರೆದಿಡಿ. ಪೆಟ್ರೋಲ್ ಇದ್ದು, ಪಾಯಿಂಟ್‌ಗಳ ನಡುವೆ ದೊಡ್ಡ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ.

ಇನ್ನು ನೋಡುವ ಕೆಲಸ. ಕಟ್ಟುನಿಟ್ಟಾಗಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನ ಕಾರುಗಳು, ಆದರೆ ಸಾಲಿನಲ್ಲಿ ಅದಕ್ಕಿಂತ ಹಳೆಯವೂ ಹೊಸವೂ ಬರುತ್ತವೆ. ಎಲ್ಲರೂ ಲಾಂಛನ ಓದಲು ಬಗ್ಗುತ್ತಾರೆ. ನಾನು ಮೊದಲು ನೋಡುವುದು ಮೂತಿಯನ್ನು. ಇಪ್ಪತ್ತರ ದಶಕದ ಬಹುಪಾಲು ರೆನೋಗಳ ಬಾನೆಟ್ ಇಳಿಜಾರಾಗಿ ಮುಂದಕ್ಕೆ ಬಂದು ಮುಗಿದುಹೋಗುತ್ತದೆ, ಎದುರಿಗೆ ಜಾಲರಿಯೇ ಇಲ್ಲ, ಏಕೆಂದರೆ ರೇಡಿಯೇಟರ್ ಎಂಜಿನ್‌ನ ಹಿಂದಿದೆ. ಅಮೆರಿಕದ ಫ್ರ್ಯಾಂಕ್ಲಿನ್ ಇದಕ್ಕೆ ತದ್ವಿರುದ್ಧ. ಗಾಳಿಯಿಂದ ತಣಿಯುವ ಎಂಜಿನ್, ರೇಡಿಯೇಟರಿನ ಅಗತ್ಯವೇ ಇಲ್ಲ. ಆದರೂ ಬೇರೆ ಕಾರುಗಳ ಹಾಗೆ ಕಾಣಬೇಕೆಂದು ಮಾರಾಟಗಾರರು ಪಟ್ಟು ಹಿಡಿದದ್ದರಿಂದ 1925ರಿಂದ ಅದಕ್ಕೂ ಒಂದು ಹುಸಿ ಮುಖ ಬಂತು. ಅನುಮಾನ ಬಂದರೆ ಸ್ಪ್ರಿಂಗ್ ನೋಡಿ: ಎರಡು ಬಿಲ್ಲುಗಳನ್ನು ಎದುರುಬದುರು ಜೋಡಿಸಿದ ಹಾಗೆ ಪೂರ್ತಿ ಮೊಟ್ಟೆಯಾಕಾರ.

ಎರಡನೆಯದು ಎತ್ತರ. 1922ರಲ್ಲಿ ಮೊದಲು ಕಾಣಿಸಿಕೊಂಡ ಲಾನ್ಸಿಯಾ ಲ್ಯಾಂಬ್ಡಾವನ್ನು ಅದೇ ಕಾಲದ ಕಾರಿನ ಪಕ್ಕ ನಿಲ್ಲಿಸಿದರೆ ಕುಳ್ಳಗೆ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ, ನಡುವೆ ಅಡ್ಡ ಆಕ್ಸಲ್ ಇಲ್ಲ. ಆ ಕಾಲಕ್ಕೆ ಇದೆಂಥ ಧೈರ್ಯ ಎಂದು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಮೂರನೆಯದಕ್ಕೆ ಕಿವಿ ಬೇಕು. ಅದಕ್ಕೇ ಹೊರಡುವ ಹೊತ್ತಿಗೆ ನಾನು ಸಾಲಿನ ಮಧ್ಯೆ ನಿಂತಿರುತ್ತೇನೆ. ಸ್ಟಾರ್ಟ್ ಆದೊಡನೆ ನೀಲಿ ಹೊಗೆ ಬಿಟ್ಟು, ವಾಲ್ವ್ ತಳ್ಳುವ ಟ್ಯಾಪೆಟ್‌ಗಳ ಟಿಕ್‌ಟಿಕ್ ಇಲ್ಲದೆ ಮೃದುವಾಗಿ ಓಡಿದರೆ ಅದು ಎಂಜಿನ್ ಕೆಟ್ಟ ಲಕ್ಷಣ ಎಂದುಕೊಳ್ಳಬೇಡಿ, ನೈಟ್ ಮಾದರಿಯ ಸ್ಲೀವ್ ವಾಲ್ವ್ ಇರಬಹುದು. ವಾಲ್ವ್‌ಗಳ ಬದಲು ಪಿಸ್ಟನ್ ಸುತ್ತ ಜಾರುವ ಕೊಳವೆಗಳಿವೆ (ಇವೇ ಸ್ಲೀವ್), ಅವುಗಳ ನಡುವಿನ ಆಯಿಲ್ ಒಂದಿಷ್ಟು ಸುಟ್ಟೇ ಸುಡುತ್ತದೆ. ಮಿನರ್ವಾ, ವ್ವಾಜಾಂ, ವಿಲ್ಲೀಸ್-ನೈಟ್ ಕಾರುಗಳಲ್ಲಿ ಇದೇ ವ್ಯವಸ್ಥೆ. ಹೊಗೆ ಬಿಸಿಯಾದ ಮೇಲೂ ದಟ್ಟವಾಗಿದ್ದರೆ ಮಾತ್ರ ಸವೆತ.

ಹಿಂಬದಿ ಮರೆಯಬೇಡಿ. ಟಾಟ್ರಾ 87 ಎದುರಿನಿಂದಲೂ ಗುರುತಾಗುತ್ತದೆ, ಮೂರು ಹೆಡ್‌ಲೈಟ್. ಆದರೆ ಬೆನ್ನಿನ ಮೇಲೆ ಎದ್ದು ನಿಂತ ಉದ್ದನೆಯ ರೆಕ್ಕೆ ಮತ್ತು ಅದರಡಿ ಗಾಳಿಯಿಂದ ತಣಿಯುವ ವಿ8 ಇರುವುದು ಹಿಂದೆ. ಫ್ರೇಜರ್ ನ್ಯಾಶ್‌ನ ಹಿಂದಿನ ಆಕ್ಸಲ್ ಕಡೆ ಬಗ್ಗಿ ನೋಡಿದರೆ ಒಂದೊಂದು ಗೇರಿಗೆ ಒಂದೊಂದು ಚೈನು.

ಫೋಟೋ ತೆಗೆಯುವುದಾದರೆ ಇಡೀ ಕಾರಿನ ಒಂದೇ ಚಿತ್ರ ಸಾಕು. ಉಳಿದದ್ದು ಮುಂದಿನ ಆಕ್ಸಲ್, ಸ್ಪ್ರಿಂಗ್ ಕಟ್ಟಿರುವ ಜಾಗ, ಪೆಡಲ್‌ಗಳು ಮತ್ತು ಚಾಸಿ ಪ್ಲೇಟ್‌ಗೆ ಇರಲಿ. ಫೋರ್ಡ್ ಮಾಡೆಲ್ ಟಿ ಆದರೆ ಮೂರು ಪೆಡಲ್‌ಗಳಲ್ಲಿ ಒಂದೂ ಆಕ್ಸಿಲರೇಟರ್ ಅಲ್ಲ, ಅದು ಸ್ಟೀರಿಂಗ್ ಅಡಿಯ ಸಣ್ಣ ಲಿವರ್. ಬಾನೆಟ್ ಮುಟ್ಟುವ ಮೊದಲು ಮಾಲೀಕರನ್ನು ಕೇಳಿ. ಕೇಳಿದರೆ ಹೆಚ್ಚಿನವರು ತಾವೇ ತೆರೆದು ತೋರಿಸುತ್ತಾರೆ.