ಲೈಬ್ರರಿ ಡೈರೆಕ್ಟರಿ ಬದಲಿಸುವಾಗ ಲೋಡರ್‌ನ ದಾರಿ ಕಡಿಯಬೇಡಿ

ಹಳೆಯ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ಲೈಬ್ರರಿಗಳು, ಅಂದರೆ ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್ ಫೈಲ್‌ಗಳು, ಇರುವ /ಲಿಬ್, /ಲಿಬ್64 ಇನ್ನೂ ಬೇರೆ ಬೇರೆ ಡೈರೆಕ್ಟರಿಗಳಾಗಿಯೇ ಇರುತ್ತವೆ. ಒಳಗಿನ ಫೈಲ್‌ಗಳನ್ನು /ಯುಎಸ್‌ಆರ್/ಲಿಬ್, /ಯುಎಸ್‌ಆರ್/ಲಿಬ್64ಕ್ಕೆ ಸೇರಿಸಿ, ಹಳೆಯ ಹೆಸರಿನಲ್ಲಿ ಹೊಸ ಜಾಗದ ಕಡೆ ತೋರಿಸುವ ಸಿಮ್‌ಲಿಂಕ್ ಇಡಬೇಕು. ಹೇಳೋಕೆ ಸುಲಭ. ಆದರೆ ಒಂದು ತಪ್ಪು ಕಮಾಂಡ್ ಸಾಕು, ಇಡೀ ಸಿಸ್ಟಮ್ ನಿಂತುಹೋಗುತ್ತದೆ.

ಮೊದಲು 'ಎಲ್‌ಎಸ್ -ಎಲ್‌ಡಿ /ಲಿಬ್ /ಲಿಬ್64' ಕೊಟ್ಟು ನೋಡಿ. ಹೆಸರಿನ ಮುಂದೆ ಬಾಣದ ಗುರುತಿದ್ದು ಅದು ಯುಎಸ್‌ಆರ್ ಕಡೆ ತೋರಿಸಿದರೆ ಕೆಲಸ ಆಗಲೇ ಮುಗಿದಿದೆ. ಫೆಡೋರಾ ಎಂಬ ಲಿನಕ್ಸ್ ವಿತರಣೆ 2012ರಲ್ಲೇ, ತನ್ನ 17ನೇ ಆವೃತ್ತಿಯಲ್ಲಿ ಹೀಗೆ ಮಾಡಿತು. 2023ರ ಡೆಬಿಯನ್ 12 ಈ ವಿನ್ಯಾಸವನ್ನು ಮಾತ್ರ ಬೆಂಬಲಿಸುತ್ತದೆ. ಡೆಬಿಯನ್‌ನಲ್ಲಿ ಯುಎಸ್‌ಆರ್‌ಮರ್ಜ್ ಪ್ಯಾಕೇಜ್ ಇದೆ, ಜೆಂಟೂನಲ್ಲಿ ಮರ್ಜ್-ಯುಎಸ್‌ಆರ್ ಇದೆ. ಸೇರಿಸುವ ಕೆಲಸವನ್ನು ಅವೇ ಮಾಡುತ್ತವೆ, ಇರುವಾಗ ಅದನ್ನೇ ಬಳಸಿ. ಮುಂದಿನದು ಸ್ವಂತ ಕೈಯಿಂದ ಕಟ್ಟಿದ ಸಿಸ್ಟಮ್ ಇರುವವರಿಗೆ, ಅಥವಾ ಆ ಉಪಕರಣಗಳು ಒಳಗೆ ಏನು ಮಾಡುತ್ತವೆ ಅಂತ ತಿಳಿಯಬೇಕು ಎನ್ನುವವರಿಗೆ.

'ರೀಡ್‌ಎಲ್ಫ್ -ಎಲ್ /ಬಿನ್/ಎಲ್‌ಎಸ್' ಓಡಿಸಿ, ಇಂಟರ್‌ಪ್ರಿಟರ್ ಎಂಬ ಸಾಲು ಹುಡುಕಿ. 64 ಬಿಟ್ ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಅಲ್ಲಿ /ಲಿಬ್64 ಒಳಗಿನ ಲೋಡರ್‌ನ ಪೂರ್ತಿ ವಿಳಾಸ ಇರುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ಅದರ ಲೈಬ್ರರಿಗಳನ್ನು ಮೆಮೊರಿಗೆ ತಂದು ಜೋಡಿಸುವುದು ಈ ಲೋಡರ್. ಲೈಬ್ರರಿಗಳನ್ನು ಬಳಸುವ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಮ್‌ಗಳಲ್ಲೂ ಇದೇ ವಿಳಾಸ ಅಚ್ಚಾಗಿದೆ. ಅದಕ್ಕೇ /ಲಿಬ್64 ಅನ್ನು ಬೇರೆಡೆಗೆ ಸರಿಸಿದ ಕ್ಷಣ ಸಿಮ್‌ಲಿಂಕ್ ಮಾಡುವ 'ಎಲ್‌ಎನ್' ಕೂಡ ಓಡುವುದಿಲ್ಲ. ಫೈಲ್ ಕಣ್ಣೆದುರೇ ಇದ್ದರೂ 'ಅಂಥ ಫೈಲ್ ಇಲ್ಲ' ಎಂದು ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್) ಹೇಳುತ್ತದೆ. ಅದು ಇಲ್ಲ ಎನ್ನುತ್ತಿರುವುದು ಲೋಡರ್ ಬಗ್ಗೆ.

ಸರಿಸುವ ಮೊದಲು ಎರಡೂ ಕಡೆ ಒಂದೇ ಹೆಸರಿನ ಫೈಲ್‌ಗಳಿವೆಯಾ ನೋಡಿ. ಇದ್ದರೆ 'ಸಿಎಂಪಿ'ಯಿಂದ ಹೋಲಿಸಿ. ಜಾಸ್ತಿ ತೊಂದರೆ ಕೊಡುವುದು ಸಿಮ್‌ಲಿಂಕ್‌ಗಳು. /ಯುಎಸ್‌ಆರ್/ಲಿಬ್‌ನ ಒಂದು ಲಿಂಕ್ /ಲಿಬ್‌ನಲ್ಲಿರುವ ಅದೇ ಹೆಸರಿನ ಫೈಲ್ ಕಡೆ ತೋರಿಸುತ್ತಿದ್ದರೆ, ಸೇರಿಸಿದ ಮೇಲೆ ಅದು ತನ್ನನ್ನೇ ತೋರಿಸುತ್ತದೆ. ಅಂಥ ಕಡೆ ಲಿಂಕ್ ತೆಗೆದು ನಿಜವಾದ ಫೈಲ್ ಉಳಿಸಿ. /ಲಿಬ್‌ನಲ್ಲಿದ್ದು '../ಯುಎಸ್‌ಆರ್/...' ಎಂದು ಶುರುವಾಗುವ ಲಿಂಕ್‌ಗಳೂ ಮುರಿಯುತ್ತವೆ. ಒಂದು ಮಟ್ಟ ಕೆಳಗೆ ಹೋದಾಗ ಅವು /ಯುಎಸ್‌ಆರ್/ಯುಎಸ್‌ಆರ್ ಹುಡುಕುತ್ತವೆ. ಈ ಪಟ್ಟಿ ಮಾಡುವುದಕ್ಕೆ ಸಮಯ ಕೊಡಿ. ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಭಾಗ ಇದೇ.

ಇನ್ನು ಬದಲಾವಣೆ. ಯಂತ್ರವನ್ನು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ನಿಮ್ಮ ರೂಟ್ ಪಾರ್ಟಿಷನ್ ಅನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿ. /ಯುಎಸ್‌ಆರ್ ಬೇರೆ ಪಾರ್ಟಿಷನ್ ಆಗಿದ್ದರೆ ಅದನ್ನೂ ಅದರ ಜಾಗದಲ್ಲಿ ಮೌಂಟ್ ಮಾಡಿ. ಈಗ ಓಡುತ್ತಿರುವುದು ಲೈವ್ ಸಿಸ್ಟಮ್‌ನ ಲೋಡರ್. ಹಾಗಾಗಿ ನಿಮ್ಮದನ್ನು ಧೈರ್ಯವಾಗಿ ಮುಟ್ಟಬಹುದು. 'ಸಿಪಿ -ಎ' ಬಳಸಿ ಒಳಗಿನದ್ದೆಲ್ಲ ನಕಲು ಮಾಡಿ, ಹಳೆಯ ಲಿಬ್‌ಗೆ 'ಲಿಬ್.ಓಲ್ಡ್' ಎಂದು ಹೆಸರಿಡಿ, ಆಮೇಲೆ ಸಿಮ್‌ಲಿಂಕ್ ಹಾಕಿ. ಲಿಂಕ್‌ನಲ್ಲಿ 'ಯುಎಸ್‌ಆರ್/ಲಿಬ್' ಎಂದೇ ಬರೆಯಿರಿ, ಮುಂದೆ ಸ್ಲ್ಯಾಷ್ ಬೇಡ. ಸ್ಲ್ಯಾಷ್ ಇದ್ದರೆ /ಎಂಎನ್‌ಟಿ ಕೆಳಗೆ ಕೂತು ನೋಡುವಾಗ ಅದು ಲೈವ್ ಸಿಸ್ಟಮ್‌ನ ಡೈರೆಕ್ಟರಿಗೆ ಹೋಗುತ್ತದೆ. ಲಿಬ್64ಕ್ಕೂ ಹೀಗೇ ಮಾಡಿ.

ಯಂತ್ರವನ್ನು ನಿಲ್ಲಿಸುವ ಹಾಗೇ ಇಲ್ಲ ಅಂದ್ರೆ? ನಕಲು ಮಾಡಿದ ಮೇಲೆ ಸಿಮ್‌ಲಿಂಕ್ ಅನ್ನು ಬೇರೆ ಹೆಸರಲ್ಲಿ ಮಾಡಿಕೊಳ್ಳಿ. ಆಮೇಲೆ ಅದರ ಹೆಸರನ್ನೂ /ಲಿಬ್64 ಹೆಸರನ್ನೂ ಒಂದೇ ಏಟಿಗೆ ಅದಲುಬದಲು ಮಾಡಿ. ಮೂಲ ಕಮಾಂಡ್‌ಗಳ ಕಟ್ಟಾದ ಕೋರ್‌ಯುಟಿಲ್ಸ್‌ನ 2024ರ 9.5 ಆವೃತ್ತಿಯಿಂದ 'ಎಂವಿ' ಕಮಾಂಡ್‌ನಲ್ಲಿ ಇದಕ್ಕೆ '--ಎಕ್ಸ್‌ಚೇಂಜ್' ಇದೆ. ಜೊತೆಗೆ ದೊಡ್ಡಕ್ಷರದ '-ಟಿ' ಹಾಕಿ, ಇಲ್ಲವಾದರೆ ಅದು /ಲಿಬ್64 ಜೊತೆ ಅಲ್ಲ, ಅದರ ಒಳಗಿನ ಅದೇ ಹೆಸರಿನ ಫೈಲ್ ಜೊತೆ ಅದಲುಬದಲು ಮಾಡಲು ನೋಡುತ್ತದೆ. ಪಕ್ಕದಲ್ಲಿ ಇನ್ನೊಂದು ರೂಟ್ ಶೆಲ್ ತೆರೆದಿಡಿ. ಸ್ಟ್ಯಾಟಿಕ್ ಆಗಿ ಕಟ್ಟಿದ ಬಿಜಿಬಾಕ್ಸ್ (ಹಲವು ಕಮಾಂಡ್‌ಗಳು ಒಂದರಲ್ಲೇ ಇರುವ ಪ್ರೋಗ್ರಾಮ್) ಕೂಡ ಕೈಗೆ ಸಿಗುವಂತಿರಲಿ, ಅದಕ್ಕೆ ಲೋಡರ್ ಬೇಕಿಲ್ಲ.

ಯಾರಾದರೂ ಆಗಲೇ /ಲಿಬ್64 ಅನ್ನು /ಯುಎಸ್‌ಆರ್ ಒಳಗೆ ಸರಿಸಿ ಸಿಕ್ಕಿಕೊಂಡಿದ್ದರೆ, ಗಾಬರಿ ಬೇಡ, ಆ ಶೆಲ್ ಮುಚ್ಚಬೇಡಿ. ಅದರ ಲೈಬ್ರರಿಗಳು ಮೆಮೊರಿಯಲ್ಲಿವೆ. ಲೋಡರ್ ಅನ್ನೇ ಹೊಸ ಜಾಗದಿಂದ ನೇರವಾಗಿ ಕರೆಯಿರಿ. '--ಲೈಬ್ರರಿ-ಪಾತ್' ಆಯ್ಕೆಗೆ ಹೊಸ ಡೈರೆಕ್ಟರಿ ಕೊಟ್ಟು, ಕೊನೆಗೆ 'ಎಲ್‌ಎನ್' ಕಮಾಂಡ್ ಬರೆದರೆ ಲಿಂಕ್ ಮತ್ತೆ ಹುಟ್ಟುತ್ತದೆ.

ಬದಲಿಸಿದ ಮೇಲೆ ಲೋಡರ್ ನೋಡುವ ಲೈಬ್ರರಿ ಪಟ್ಟಿಯನ್ನು ಹೊಸದಾಗಿಸುವ 'ಎಲ್‌ಡಿಕಾನ್ಫಿಗ್' ಓಡಿಸಿ. ಲೈವ್ ಸಿಸ್ಟಮ್‌ನಿಂದಾದರೆ '-ಆರ್ /ಎಂಎನ್‌ಟಿ' ಸೇರಿಸಿ. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಇದ್ದರೆ ಫೈಲ್‌ಗಳಿಗೆ ಹೊಸದಾಗಿ ಲೇಬಲ್ ಹಾಕಿಸಿ. /ಯುಎಸ್‌ಆರ್ ಬೇರೆ ಪಾರ್ಟಿಷನ್ ಆಗಿದ್ದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಓಡುವ ಪುಟ್ಟ ಸಿಸ್ಟಮ್) ಅದನ್ನು ಮೊದಲೇ ಮೌಂಟ್ ಮಾಡುವಂತಿರಬೇಕು, ಆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟಿ.

ಪ್ಯಾಕೇಜ್ ಮ್ಯಾನೇಜರ್ ಬಗ್ಗೆ ಎಚ್ಚರ. ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಡಿಪಿಕೆಜಿಗೆ /ಲಿಬ್‌ನ ಫೈಲ್ ಬೇರೆ, /ಯುಎಸ್‌ಆರ್/ಲಿಬ್‌ನ ಅದೇ ಫೈಲ್ ಬೇರೆ. ಒಂದು ಫೈಲ್ ಡೈರೆಕ್ಟರಿಯನ್ನೂ ಪ್ಯಾಕೇಜನ್ನೂ ಒಟ್ಟಿಗೆ ಬದಲಿಸಿದರೆ, ಅಪ್‌ಗ್ರೇಡ್ ವೇಳೆ ಅದು ಸದ್ದಿಲ್ಲದೆ ಅಳಿಸಿಹೋಗಬಹುದು. ಅದಕ್ಕೇ ರೀಬೂಟ್ ಆಗಿ, ಒಂದು ಪೂರ್ತಿ ಅಪ್‌ಗ್ರೇಡ್ ಸರಿಯಾಗಿ ಮುಗಿಯುವವರೆಗೂ ಲಿಬ್.ಓಲ್ಡ್ ಅಳಿಸಬೇಡಿ.