ಕಬ್ಬು ಬಲಿಯುವ ತನಕ ಕಂಪನಿ ಕೈಯಲ್ಲಿರಬೇಕು

ಗದ್ದೆಯಲ್ಲಿ ನಿಂತ ಕಬ್ಬನ್ನು ಕಡಿಯದೆ, ರಸ ಹಿಂಡದೆ, ಬೆಳಕು ಹಾಯಿಸಿ ಅದರ ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆಯ ಅಳತೆ) ಹೇಳುವ ಸೆನ್ಸರು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಶೆಡ್ಡಿನ ದೀರ್ಘಕಾಲದ ಸಂಶೋಧನೆ. ಅನ್ನ ಹಾಕುವುದು ಬೇರೆ: ಮಂಡ್ಯದ ರೈಸ್ ಮಿಲ್ಲುಗಳಿಗೆ ಕೊಡುವ ತೇವಾಂಶ ಮೀಟರು ಮತ್ತು ಅದರ ಕ್ಯಾಲಿಬ್ರೇಶನ್.

ಕಬ್ಬಿನಲ್ಲಿ ಬುಡದ ಗಣಿಕೆ ಸಿಹಿ, ತುದಿಯದ್ದು ಸಪ್ಪೆ. ಸಿಪ್ಪೆಯ ಮೇಲಿನ ಮೇಣ ಬೆಳಕನ್ನು ಚದುರಿಸುತ್ತದೆ. 970 ನ್ಯಾನೊಮೀಟರಿನ ಆಸುಪಾಸಿನಲ್ಲಿ ನೀರೇ ಬೆಳಕು ಹೀರಿ ಸಕ್ಕರೆಯ ಗುರುತನ್ನು ಮುಚ್ಚಿಬಿಡುತ್ತದೆ. ಸಿಒ 62175 ತಳಿಗೆ ಕೂತ ಲೆಕ್ಕ ಸಿಒ 86032ಕ್ಕೆ ಕೂರುತ್ತದೆಂಬ ಖಾತ್ರಿಯಿಲ್ಲ. ನಾಟಿ ಬೆಳೆಯದ್ದು, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆಗೂ ಒಪ್ಪಬೇಕಲ್ಲ! ಒಂದು ತಿದ್ದುಪಡಿ ಸರಿಯೋ ತಪ್ಪೋ ತಿಳಿಯಲು 10ರಿಂದ 12 ತಿಂಗಳು ಕಾಯಬೇಕು. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯಾದರೋ ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಬೇಕು.

ಷೇರುಪೇಟೆಗೆ ಹೋಗದಿದ್ದರೆ ಸಾಕೆಂದುಕೊಳ್ಳಬೇಡಿ. ಪ್ರೈವೇಟ್ ಕಂಪನಿ ಒಡೆಯುವುದು ಒಳಗಿನಿಂದ. ಪಾಲುದಾರರ ಮನೆಯಲ್ಲಿ ಮದುವೆ ಬರುತ್ತದೆ, ಎಂಜಿನಿಯರು ಕೆಲಸ ಬಿಡುತ್ತಾರೆ, ತೀರಿಕೊಂಡವರ ಷೇರು ಮಕ್ಕಳಿಗೆ ಹೋಗುತ್ತದೆ. ಅವರೆಲ್ಲರಿಗೂ ದುಡ್ಡು ಬೇಕು, ಅದು ತಪ್ಪಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಯ ಆರ್ಟಿಕಲ್ಸ್‌ನಲ್ಲಿ, ಅಂದರೆ ಅದರ ಒಳ ನಿಯಮಾವಳಿಯಲ್ಲಿ, ಷೇರು ವರ್ಗಾವಣೆಗೆ ನಿರ್ಬಂಧ ಇರಲೇಬೇಕು. ಆದರೆ ಸಿದ್ಧ ನಮೂನೆಗಳಲ್ಲಿ ಬೋರ್ಡು ವರ್ಗಾವಣೆಯನ್ನು ನಿರಾಕರಿಸಬಹುದೆಂದು ಇರುತ್ತದೆ, ನಿರಾಕರಿಸಿದ ಮೇಲೆ ಅವರಿಗೆ ದುಡ್ಡು ಬರುವ ದಾರಿ ಇರುವುದಿಲ್ಲ. ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಮೆಟ್ಟಿಲು ಹತ್ತಿಸುವುದು ಈ ಖಾಲಿ ಜಾಗವೇ.

ನಾವು ನಮ್ಮ ಆರ್ಟಿಕಲ್ಸ್‌ನಲ್ಲಿ ಬರೆದದ್ದು: ಮಾರುವವರು ಮೊದಲು ಉಳಿದ ಸದಸ್ಯರಿಗೆ ತಿಳಿಸಬೇಕು, ಅವರಿಗೆ 60 ದಿನ ಕಾಲಾವಕಾಶ. ಬೆಲೆಯನ್ನು ಪ್ರತಿ ವರ್ಷ ಆಡಿಟ್ ಮುಗಿದ ಕೂಡಲೇ ನೋಂದಾಯಿತ ಮೌಲ್ಯಮಾಪಕರು ಕಟ್ಟಬೇಕು, ಜಗಳ ಶುರುವಾದ ಮೇಲಲ್ಲ. ಸದಸ್ಯರು ಕೊಂಡರೆ ಮೂರು ಕಂತಿನಲ್ಲಿ ಹಣ. ಕಂಪನಿಯೇ ಬೈಬ್ಯಾಕ್ ಮಾಡಿ (ತನ್ನ ಷೇರನ್ನು ತಾನೇ ಮರಳಿ ಕೊಂಡು) ಒಬ್ಬರನ್ನು ಕಳಿಸುತ್ತೇವೆಂಬುದು ಅಷ್ಟು ಸಲೀಸಲ್ಲ. ಕಲಂ 68ರಂತೆ ಎಲ್ಲ ಷೇರುದಾರರಿಗೂ ಅವರವರ ಪಾಲಿನ ಅನುಪಾತದಲ್ಲಿ ಕೇಳಬೇಕು, ಮಿಕ್ಕವರು ಬೇಡವೆನ್ನಬೇಕು. ನೌಕರರಿಗೆ ಯೋಜನೆಯಡಿ ಕೊಟ್ಟ ಷೇರನ್ನು ಮಾತ್ರ ನೇರವಾಗಿ ಕೊಳ್ಳಬಹುದು. ಹಾಗಾಗಿ ಎಂಜಿನಿಯರುಗಳಿಗೆ ಷೇರು ಕೊಡುವುದಾದರೆ ಸ್ಟಾಕ್ ಆಪ್ಷನ್ (ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಮೂಲಕವೇ ಕೊಡಿ.

ಆರ್ಟಿಕಲ್ಸ್ ಬದಲಿಸಲು ಮುಕ್ಕಾಲು ಪಾಲು ಮತ ಬೇಕು, ಅಂದರೆ ಕಾಲು ಪಾಲು ಮೀರಿ ಮತವಿರುವ ಸಂಶೋಧಕರು ಅದನ್ನು ತಡೆಯಬಹುದು. ಇನ್ನೂ ಬಿಗಿ ಬೇಕೆಂದರೆ ಕಲಂ 5ರ ಎಂಟ್ರೆಂಚ್‌ಮೆಂಟ್ ಇದೆ: ಆಯ್ದ ನಿಯಮಗಳನ್ನು ಬದಲಿಸಲು ಇನ್ನೂ ಕಠಿಣ ಷರತ್ತು ಹಾಕುವುದು. ಅದನ್ನು ಕಂಪನಿ ಹುಟ್ಟುವಾಗಲೇ ಸೇರಿಸಿ. ಆಮೇಲಾದರೆ ಪ್ರತಿಯೊಬ್ಬ ಸದಸ್ಯರ ಒಪ್ಪಿಗೆ ಬೇಕು.

1964ರಲ್ಲಿ ಧ್ವನಿ ಉಪಕರಣಗಳ ಬೋಸ್ ಕಾರ್ಪೊರೇಶನ್ ಕಟ್ಟಿದ ಅಮರ್ ಬೋಸ್ ಅದನ್ನು ಕೊನೆಯವರೆಗೂ ಪೇಟೆಗೆ ಒಯ್ಯಲಿಲ್ಲ. 2011ರಲ್ಲಿ ಬಹುಪಾಲು ಷೇರನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಮತದ ಹಕ್ಕಿಲ್ಲದ ಷೇರಾಗಿ. ನಮ್ಮಲ್ಲೂ ಆರ್ಟಿಕಲ್ಸ್ ಅನುಮತಿಸಿದರೆ ಪ್ರೈವೇಟ್ ಕಂಪನಿ, ಷೇರಿನ ಬಗೆಗಳನ್ನು ಗೊತ್ತುಮಾಡುವ ಕಲಂ 43ರಿಂದ ವಿನಾಯಿತಿ ಪಡೆದು ಅಂಥ ಷೇರು ಕೊಡಬಹುದು. ಒಂದೇ ಎಚ್ಚರ: ವಾರ್ಷಿಕ ಲೆಕ್ಕಪತ್ರವನ್ನೂ ರಿಟರ್ನನ್ನೂ ಕಂಪನಿ ರಿಜಿಸ್ಟ್ರಾರರಿಗೆ (ಆರ್‌ಒಸಿ) ಸಲ್ಲಿಸದೆ ಬಾಕಿಯಿಟ್ಟ ಕಂಪನಿಗೆ ಆ ವಿನಾಯಿತಿ ಸಿಗದು.

ಪೇಟೆಂಟು ಸಂಶೋಧಕರ ಸ್ವಂತ ಹೆಸರಿನಲ್ಲಿದ್ದರೆ ಲಿಖಿತ ಅಸೈನ್‌ಮೆಂಟ್ (ಹಕ್ಕು ವರ್ಗಾವಣೆ) ಮಾಡಿ ಕಂಪನಿಗೆ ತನ್ನಿ, ಬಾಯಿಮಾತು ನಡೆಯದು. ಚೆನ್ನೈನ ಪೇಟೆಂಟ್ ಕಚೇರಿಗೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕದೆ ಯಂತ್ರವನ್ನು ದಸರಾ ವಸ್ತುಪ್ರದರ್ಶನದಲ್ಲಿಟ್ಟು ವಿವರಿಸಿದರೆ ಪೇಟೆಂಟಿಗೆ ಬೇಕಾದ ಹೊಸತನವೇ ಹೋಗಬಹುದು. ಪ್ರಾವಿಷನಲ್ ಹಾಕಿದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ನಮ್ಮ ಕೆಲಸಕ್ಕೆ ಅದು ಒಂದೇ ಬೆಳೆ, ಆದ್ದರಿಂದ ನಾಟಿಗೆ ಮುಂಚೆ ಅರ್ಜಿ ಹಾಕುವುದಿಲ್ಲ.

ಇನ್ನು ದುಡ್ಡು. ಮೀಟರು ಮಾರಾಟದಿಂದ ಬಂದ ಪ್ರತಿ 100 ರೂಪಾಯಿಯಲ್ಲಿ 14 ಬೇರೆ ಬ್ಯಾಂಕ್ ಖಾತೆಗೆ ಹೋಗುತ್ತದೆ. ಲ್ಯಾಬಿನ ಆರು ಜನರ 18 ತಿಂಗಳ ಸಂಬಳ ಅಲ್ಲಿ ಸದಾ ಇರಬೇಕು. ಲೆಕ್ಕದ ಮಾನದಂಡ ಎಎಸ್ 26ರಂತೆ ಸಂಶೋಧನೆಯ ಖರ್ಚು ಅದೇ ವರ್ಷದ ಲಾಭನಷ್ಟ ಪಟ್ಟಿಯಲ್ಲಿ ಬೀಳುತ್ತದೆ. ಬ್ಯಾಂಕಿನವರು ಲಾಭ ಇಳಿದದ್ದನ್ನಷ್ಟೇ ನೋಡಿ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಮಿತಿಗೆ ಕೈ ಹಾಕುತ್ತಾರೆ. ಆ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿದ ಹಾಳೆಯನ್ನು ನವೀಕರಣಕ್ಕೆ ಎರಡು ತಿಂಗಳು ಮೊದಲೇ ಮ್ಯಾನೇಜರ್ ಮೇಜಿನ ಮೇಲಿಡುತ್ತೇವೆ.