ದೋಟಿ ಗಿಡ್ಡ ಇದ್ದರೆ ಕೊನೆ ಸಿಗಲ್ಲ

ನಾನು ತೀರ್ಥಹಳ್ಳಿ ಕಡೆ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳುತ್ತೇನೆ. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವ ದ್ಯುತಿವಿದ್ಯುತ್ ಪರಿಣಾಮವನ್ನು ವರ್ಷಗಟ್ಟಲೆ ಬೋರ್ಡ್ ಮೇಲೆ ಸುಮ್ನೆ ಬರೆದು ಮುಗಿಸಿದ್ದೆ. ಒಮ್ಮೆ ಮಾಡಿಯೇ ತೋರಿಸೋಣ ಅನ್ನಿಸಿತು.

ಸಾಮಾನು ಜಾಸ್ತಿ ಬೇಕಿಲ್ಲ. ಜಾಮ್ ಬಾಟಲಿ, ಮುಚ್ಚಳದ ಬೆಂಡಿನಲ್ಲಿ ತೂರಿಸಿದ ತಾಮ್ರದ ತಂತಿ, ಅದರ ತುದಿಗೆ ಅಲ್ಯೂಮಿನಿಯಂ ಹಾಳೆಯ ಎರಡು ಎಲೆ. ವಿದ್ಯುತ್ ಸೇರಿದರೆ ಎಲೆ ಅಗಲಿಸಿ ತೋರಿಸುವ ಎಲೆಕ್ಟ್ರೋಸ್ಕೋಪ್ ಆಯಿತು. ಮೇಲೆ ಸತುವಿನ ತಟ್ಟೆ. ಹಳೇ ಟಾರ್ಚ್ ಸೆಲ್ ಬಿಚ್ಚಿ, ಕವಚವನ್ನು ಬಡಿದು ಚಪ್ಪಟೆ ಮಾಡಿದೆ. ಪ್ರತಿ ಸಲವೂ ಉಪ್ಪುಕಾಗದದಿಂದ ಉಜ್ಜಿ ಹೊಳಪು ತರಲೇಬೇಕು, ಇಲ್ಲದಿದ್ದರೆ ಕೆಲಸ ಕೆಟ್ಟಿತು. ಪಿವಿಸಿ ಪೈಪನ್ನು ಉಣ್ಣೆಗೆ ತಿಕ್ಕಿ ತಟ್ಟೆಗೆ ಸವರಿದರೆ ಋಣ ವಿದ್ಯುತ್ ಸೇರಿ ಎಲೆಗಳು ಅಗಲುತ್ತವೆ.

ಮೊದಲು ಮಾಡಿದ್ದು ಜುಲೈನಲ್ಲಿ. ನಮ್ಮ ಮಳೆಗಾಲ ಗೊತ್ತಲ್ಲ! ದೀಪ ಹಚ್ಚುವ ಮೊದಲೇ ಎಲೆಗಳು ಮುಚ್ಚಿಕೊಂಡವು. ಬೆಂಡಿನ ತೇವದಲ್ಲೇ ವಿದ್ಯುತ್ ಸೋರುತ್ತಿತ್ತು. ಬಾಟಲಿಯನ್ನು ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸಿದೆ, ಬೆಂಡು ಬಿಟ್ಟು ಮೇಣ ಹೊಯ್ದೆ. ಆದರೂ ಸರಿಯಾಗಿ ನಡೆದದ್ದು ಜನವರಿಯಲ್ಲಿ, ಅದೂ ಮಧ್ಯಾಹ್ನ ಮಂಜೆಲ್ಲ ಹೋದ ಮೇಲೆ.

500 ವ್ಯಾಟಿನ ಹ್ಯಾಲೊಜನ್ ದೀಪ ಹಿಡಿದೆ. ಕಣ್ಣು ಕುಕ್ಕುವ ಬೆಳಕು, ಎಲೆ ಮಾತ್ರ ಕದಲಲಿಲ್ಲ. ಆಮೇಲೆ ನೀರು ಶುದ್ಧ ಮಾಡುವ ಯಂತ್ರದ ಪುಟ್ಟ ಅತಿನೇರಳೆ ಟ್ಯೂಬ್. ಇದನ್ನು ನೇರ ನೋಡಬಾರದು, ಚರ್ಮಕ್ಕೂ ತಾಗಬಾರದು. ಅದಕ್ಕೇ ತಟ್ಟೆ ಕಡೆಗಷ್ಟೇ ಕಿಂಡಿ ಇರುವ ರಟ್ಟಿನ ಡಬ್ಬಿಯೊಳಗಿಟ್ಟಿದ್ದೆ. ಹಚ್ಚಿದ ತಕ್ಷಣ ಎಲೆಗಳು ಇಳಿಯತೊಡಗಿದವು. ನಡುವೆ ಕಿಟಕಿ ಗಾಜು ಹಿಡಿದರೆ ನಿಂತವು. ಟ್ಯೂಬ್ ಹತ್ತಿರ ತಂದರೆ ಬೇಗ ಬೇಗ ಇಳಿದವು. ತಟ್ಟೆಗೆ ಧನ ವಿದ್ಯುತ್ ಕೊಟ್ಟಾಗ ಮಿಸುಕಲೇ ಇಲ್ಲ. ಬೆಳಕು ಹೊರದಬ್ಬುವುದು ಋಣ ವಿದ್ಯುತ್ತಿನ ಕಣವಾದ ಎಲೆಕ್ಟ್ರಾನನ್ನು, ಅಲ್ವಾ?

ಸತುವಿನಿಂದ ಎಲೆಕ್ಟ್ರಾನ್ ಕೀಳಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಬೇಕು. ಆ ಟ್ಯೂಬಿನ 254 ನ್ಯಾನೋಮೀಟರ್ ಬೆಳಕಿನ ಒಂದೊಂದು ಫೋಟಾನಿನಲ್ಲೂ, ಅಂದರೆ ಬೆಳಕಿನ ಒಂದೊಂದು ಕಣದಲ್ಲೂ, 4.9 ಇದೆ. ಕಣ್ಣಿಗೆ ಕಾಣುವ ನೇರಳೆಯಲ್ಲಿ ಬರೀ 3 ಚಿಲ್ಲರೆ. ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ದೋಟಿ ಗಿಡ್ಡ ಇದ್ರೆ ನೂರು ಜನ ನಿಂತ್ರೂ ಅಡಿಕೆ ಕೊನೆ ಸಿಗಲ್ಲ. ಉದ್ದಂದು ಒಂದಿದ್ರೆ ಸಾಕು" ಅಂದ. ದೋಟಿ ಅಂದರೆ ಅಡಿಕೆ ಗೊನೆ ಕೀಳುವ ಉದ್ದ ಕೋಲು. ಎಲೆಕ್ಟ್ರಾನ್ ಕೀಳಲು ಬೆಳಕಿನ ಅಲೆಗೆ ಸೆಕೆಂಡಿಗೆ ಕನಿಷ್ಠ ಇಷ್ಟು ಕಂಪನ ಇರಲೇಬೇಕು ಎಂಬ ಹೊಸ್ತಿಲು ಆವೃತ್ತಿಯನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಗಾಜಿನ ಆಟ ಹೊಸದಲ್ಲ. 1887ರಲ್ಲಿ ಜರ್ಮನ್ ವಿಜ್ಞಾನಿ ಹರ್ಟ್ಸ್ ತನ್ನ ಕಿಡಿ ಪ್ರಯೋಗದಲ್ಲಿ ಅತಿನೇರಳೆ ತಡೆಯುವ ಗಾಜು ಅಡ್ಡ ಇಟ್ಟಾಗ ಕಿಡಿ ಸೊರಗಿತು, ಅದನ್ನು ಒಳಬಿಡುವ ಕ್ವಾರ್ಟ್ಜ್ ಹರಳು ಇಟ್ಟಾಗ ಸೊರಗಲಿಲ್ಲ. ಕಾರಣ ಹೇಳಲು 1905ರಲ್ಲಿ ಐನ್‌ಸ್ಟೈನ್ ಬರಬೇಕಾಯಿತು.

ಹೊರಬಂದ ಎಲೆಕ್ಟ್ರಾನಿನ ವೇಗ ನನ್ನ ಬಾಟಲಿಯಲ್ಲಿ ಕಾಣದು. ಅದಕ್ಕೆ ಬೆಳಕು ಬಿದ್ದರೆ ಕರೆಂಟ್ ಹರಿಸುವ ಫೋಟೋಸೆಲ್ ಬೇಕು. ಅದರಲ್ಲಿ ದೀಪ ಹತ್ತಿರ ತಂದರೆ ಕರೆಂಟ್ ಏರುತ್ತದೆ, ಎಲೆಕ್ಟ್ರಾನನ್ನು ತಡೆದು ನಿಲ್ಲಿಸುವ ವೋಲ್ಟೇಜ್ ಮಾತ್ರ ಅಷ್ಟೇ ಇರುತ್ತದೆ. ಹಸಿರು ಬಿಟ್ಟು ನೀಲಿ ಬೆಳಕು ಹಾಕಿ, ಆಗ ಅದೂ ಏರುತ್ತದೆ. ಇದನ್ನು ದೋಟಿ ಲೆಕ್ಕದಲ್ಲಿ ಹೇಗೆ ಹೇಳ್ತೀಯ ಅಂತ ಆ ಹುಡುಗನನ್ನೇ ಕೇಳಿದ್ದೇನೆ. ಇನ್ನೂ ಯೋಚಿಸುತ್ತಿದ್ದಾನೆ.